ಎಸ್ಕೇಪ್ ಕೀ ಮೇಲಿನ ಕುಡುಗೋಲು

ನನಗೆ ಮೆಕ್ಯಾನಿಕಲ್ ಕೀಬೋರ್ಡ್ ಹುಚ್ಚು. ಆ ಟಕ್ ಟಕ್ ಸದ್ದಿಗೆ ಸಂಬಳದ ಎಷ್ಟು ಭಾಗ ಹೋಗಿದೆ ಅಂತ ಹೆಂಡತಿಗೆ ಇನ್ನೂ ಪೂರ್ತಿ ಲೆಕ್ಕ ಕೊಟ್ಟಿಲ್ಲ. ಕಳೆದ ವರ್ಷ ನಾನೇ ಒಂದು ಕೀಕ್ಯಾಪ್ ಸೆಟ್ ಡಿಸೈನ್ ಮಾಡಿ, ಇದೇ ಹುಚ್ಚಿನ ಗೆಳೆಯರಿಗೆ ಮಾರೋಣ ಅಂದ್ಕೊಂಡೆ. ಥೀಮ್ ಸೋವಿಯತ್ ರೆಟ್ರೋ. ಹಳೆಯ ಬಾಹ್ಯಾಕಾಶ ಪೋಸ್ಟರ್‌ಗಳ ಕೆಂಪು, ಕೆನೆ ಬಣ್ಣ. ಎಂಟರ್ ಕೀ ಮೇಲೆ ಸ್ಪುಟ್ನಿಕ್, ಎಸ್ಕೇಪ್ ಕೀ ಮೇಲೆ ಸುತ್ತಿಗೆ, ಕುಡುಗೋಲು.

ಆ ಗುರುತು ನನಗೆ ಯಾವತ್ತೂ ಭಯ ಹುಟ್ಟಿಸಿದ್ದಲ್ಲ. ಅಪ್ಪನ ಕಪಾಟಿನಲ್ಲಿ ನವಕರ್ನಾಟಕದಿಂದ ತಂದ ಸೋವಿಯತ್ ಪುಸ್ತಕಗಳಿದ್ದವು. ಗಟ್ಟಿ ರಟ್ಟು, ಚೆಂದದ ಚಿತ್ರ, ಜುಜುಬಿ ಬೆಲೆ. ಅದು ಬಿಟ್ಟರೆ ನಮ್ಮಲ್ಲಿ ಸುತ್ತಿಗೆ, ಕುಡುಗೋಲು, ನಕ್ಷತ್ರ ಅಂದ್ರೆ ಮತಯಂತ್ರದಲ್ಲಿ ಕಾಣೋ ಒಂದು ಪಕ್ಷದ ಚಿಹ್ನೆ, ಅಷ್ಟೇ.

ಡಿಸೈನನ್ನು ಖುಷಿಯಿಂದ ನಮ್ಮ ಟೀಮಿನ ಲಿಥುವೇನಿಯಾದ ಸಹೋದ್ಯೋಗಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಬಣ್ಣ ಚೆನ್ನಾಗಿದೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "1941ರ ಜೂನ್‌ನಲ್ಲಿ ನಮ್ಮಜ್ಜಿಯನ್ನ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ್ರು. ಅವಳಿಗೆ ಆಗ ಆರು ವರ್ಷ. ಕರ್ಕೊಂಡು ಹೋಗೋಕೆ ಬಂದವರ ಟೋಪಿ ಮೇಲೆ ಇದೇ ಗುರುತಿತ್ತು" ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಆ ರಾತ್ರಿ ಕೂತು ಓದಿದೆ. ಆ ಜೂನ್‌ನಲ್ಲಿ ಲಿಥುವೇನಿಯಾ ಒಂದರಿಂದಲೇ ಸುಮಾರು 17 ಸಾವಿರ ಜನರನ್ನು ಗಡೀಪಾರು ಮಾಡಿದ್ದರು. 2008ರಲ್ಲಿ ಆ ದೇಶ ನಾಜಿ ಚಿಹ್ನೆಗಳ ಜೊತೆ ಸೋವಿಯತ್ ಚಿಹ್ನೆಗಳ ಪ್ರದರ್ಶನವನ್ನೂ ನಿಷೇಧಿಸಿತು. ಅದೇ ವರ್ಷ ಹಂಗೇರಿಯ ಪ್ರಕರಣವೊಂದರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಕೆಂಪು ನಕ್ಷತ್ರಕ್ಕೆ ಹಲವು ಅರ್ಥಗಳಿವೆ, ಅದನ್ನು ತೊಟ್ಟಿದ್ದಕ್ಕೆ ಶಿಕ್ಷಿಸಿದ್ದು ತಪ್ಪು ಅಂದಿತು. 2018ರಲ್ಲಿ ಅಡಿಡಾಸ್ ತಂದ ಸೋವಿಯತ್ ಗುರುತಿನ ಕೆಂಪು ಉಡುಪಿಗೆ ಲಿಥುವೇನಿಯಾ ಸರ್ಕಾರವೇ ಆಕ್ಷೇಪಿಸಿ, ಕಂಪನಿ ಅದನ್ನು ಹಿಂತೆಗೆದುಕೊಂಡಿತ್ತು.

ಮೊದಲು ನನ್ನ ಪರ ನಾನೇ ವಾದ ಮಾಡಿದೆ. ನಮ್ಮ ಹೊಸ್ತಿಲಿನ ಸ್ವಸ್ತಿಕ ನೋಡಿ ವಿದೇಶದವರು ಬೆಚ್ಚಿದರೆ, "ನಮಗೆ ಅದರ ಅರ್ಥ ಬೇರೆ" ಅಂತೀವಲ್ಲ? ಇದೂ ಹಾಗೇ ಅಲ್ವಾ?

ಅಲ್ಲ ಅನಿಸಿತು. ಸ್ವಸ್ತಿಕ ನಾವು ನಂಬಿ ಬರೆಯೋದು. ಪಕ್ಷದ ಬಾವುಟ ಹಿಡಿದವನಿಗೂ ಒಂದು ನಂಬಿಕೆ ಇರುತ್ತೆ; ಅವನನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದು, ಅವನು ಉತ್ತರ ಕೊಡಬಹುದು. ನನ್ನ ಹತ್ತಿರ ಇದ್ದ ಉತ್ತರ "ನೋಡೋಕೆ ಸಖತ್ತಾಗಿದೆ" ಅನ್ನೋದೊಂದೇ. ಒಬ್ಬರ ಅಜ್ಜಿಯ ಕಥೆ ಎದುರು ಅದನ್ನು ಹೇಳೋ ಧೈರ್ಯ ಬರಲಿಲ್ಲ. ಯಾವ ಕಾನೂನೂ ನನ್ನನ್ನು ತಡೆಯುತ್ತಿರಲಿಲ್ಲ, ನಿಜ. ಆದರೆ ಹಳೆಯದು ನಮಗೆ ಬರೀ ಅಂದವಾಗಿ ಕಾಣೋದು, ಅದರ ಪೆಟ್ಟು ನಮಗೆ ಬಿದ್ದಿಲ್ಲ ಅನ್ನೋ ಕಾರಣಕ್ಕೂ ಇರಬಹುದು.

ಸ್ಪುಟ್ನಿಕ್ ಉಳಿಸಿಕೊಂಡೆ, ಆಕೆಯನ್ನು ಕೇಳಿಯೇ. ಎಸ್ಕೇಪ್ ಕೀ ಈಗ ಖಾಲಿ ಕೆಂಪು. "ಆ ಲೋಗೋ ಇಲ್ದಿದ್ರೆ ಮಜಾ ಇಲ್ಲ ಗುರು" ಅಂತ ಇಬ್ಬರು ಆರ್ಡರ್ ಕ್ಯಾನ್ಸಲ್ ಮಾಡಿದರು. ಅವರಿಗೆ ಹಣ ವಾಪಸ್ ಕಳಿಸಿದೆ. ಜೊತೆಗೆ, ಹೆಸರು ಹೇಳದೆ, ಆ ಆರು ವರ್ಷದ ಹುಡುಗಿಯ ಕಥೆಯನ್ನೂ ಬರೆದು ಕಳಿಸಿದೆ. ಒಬ್ಬ ಇನ್ನೂ ಉತ್ತರಿಸಿಲ್ಲ. ಇನ್ನೊಬ್ಬ ಮತ್ತೆ ಆರ್ಡರ್ ಮಾಡಿದ.