ಸಾಮಂತರ ನಾಡಿನಲ್ಲಿ ಒಂದು ಹಗಲು

ಮೈಸೂರಿನಿಂದ ಬೆಳಗಿನ ಆರಕ್ಕೆ ಹೊರಟರೆ ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸುತ್ತಿ ಕತ್ತಲಾಗುವ ಹೊತ್ತಿಗೆ ಮನೆ ಸೇರಬಹುದು. ನಾನೂ ನನ್ನ ಹೆಂಡತಿಯೂ ಆರಿಸಿಕೊಂಡದ್ದು ಈ ಬಳಸುದಾರಿಯನ್ನು. ಇಬ್ಬರೇ ಹೋಗುವ ಕಾರಿನಲ್ಲಿ ಒಂದು ಅನುಕೂಲವಿದೆ: ಒಬ್ಬರು ಓಡಿಸುವಾಗ ಇನ್ನೊಬ್ಬರು ಮುಂದಿನ ಊರಿನ ಶಾಸನಪಾಠ ಓದುತ್ತಾ ಹೋಗಬಹುದು. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ‘ಅಲ್ಲಿ ನೋಡುವುದಕ್ಕೆ ಏನಿದೆ?’ ಎಂದು ಕೇಳುವವರಿಗೆ ಸೋಮನಾಥಪುರದಂಥ ಗುಡಿಯ ಹೆಸರು ಹೇಳಲು ಬರುವುದಿಲ್ಲ ಎಂಬುದು ನಿಜ. ಆದರೆ ದೊಡ್ಡ ಗುಡಿಗಳು ಹೆಚ್ಚಾಗಿ ಗೆದ್ದವರ ಮಾತನ್ನೇ ಹೇಳುತ್ತವೆ. ಸೋತವರು, ತಲೆಬಾಗಿದವರು, ದೊಡ್ಡವರ ನಡುವೆ ಸಿಕ್ಕಿಕೊಂಡವರು ಹೇಗೆ ಬಾಳಿದರು ಎಂದು ತಿಳಿಯಬೇಕಾದರೆ ಈ ನಾಲ್ಕು ತಾಲ್ಲೂಕುಗಳಿಗೇ ಬರಬೇಕು. ದಿನವಿಡೀ ಊರಿಂದೂರಿಗೆ ಗಟ್ಟಿಯಾಗುತ್ತಾ ಹೋದ ನನ್ನ ವಾದ ಇದು.

ಮೊದಲ ಸಾಕ್ಷಿ ಊರಿನ ಹೆಸರಿನಲ್ಲೇ ಇದೆ. ಕೆ.ಆರ್. ನಗರದ ಹಳೆಯ ಊರು ಎಡತೊರೆ. 1924ರ ಕಾವೇರಿ ಪ್ರವಾಹದ ನಂತರ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಎದ್ದಿತು; ಆಗಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂತು. ಹಳೆಯ ಊರಿನ ದೇವರು ಅರ್ಕೇಶ್ವರ ಮಾತ್ರ ಹೊಳೆಯ ದಂಡೆಯಲ್ಲೇ ಉಳಿದ. ಅಲ್ಲಿಂದ ಚುಂಚನಕಟ್ಟೆಗೆ ಬಂದರೆ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಪಕ್ಕದ ಕೋದಂಡರಾಮನ ಗುಡಿಯಲ್ಲಿ ಸೀತೆ ರೂಢಿ ಬಿಟ್ಟು ರಾಮನ ಬಲಕ್ಕೆ ನಿಂತಿದ್ದಾಳೆ. ಜನ ನಿಲ್ಲುವುದು ಇಲ್ಲಿಯವರೆಗೆ. ನನ್ನ ಮಾತಿಗೆ ಬೇಕಾದ ಊರು ಇನ್ನೂ ಮುಂದೆ, ಹೊಳೆಯ ಬದಿಯಲ್ಲೇ ಇರುವ ಚಿಕ್ಕಹನಸೋಗೆ.

ಹನಸೋಗೆಯ ಹಳೆಯ ಹೆಸರು ಪನಸೋಗೆ. ಇಂದು ಭತ್ತದ ಗದ್ದೆಗಳ ನಡುವಿನ ಹಳ್ಳಿಯಾದ ಇದು ಒಂದು ಕಾಲಕ್ಕೆ ಜೈನ ಮುನಿಪರಂಪರೆಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟಿತ್ತು. ದೇಶೀಗಣದ ಪುಸ್ತಕಗಚ್ಛದಲ್ಲಿ ‘ಹನಸೋಗೆ ಬಳಿ’ ಎಂಬ ಶಾಖೆಯಿತ್ತು. ಹನ್ನೊಂದನೆಯ ಶತಮಾನ ಹುಟ್ಟುತ್ತಿದ್ದಂತೆ ರಾಜರಾಜ ಚೋಳನ ಸೇನೆ ಈ ಸೀಮೆಯನ್ನಾಳುತ್ತಿದ್ದ ಚಂಗಾಳ್ವರನ್ನು ಇಲ್ಲಿ ಸೋಲಿಸಿತು. ಆ ಕಾಳಗದಲ್ಲಿ ಚೋಳರ ಪರವಾಗಿ ಹೋರಾಡಿದ ಮನಿಜನೆಂಬ ವೀರನಿಗೆ ಕೊಂಗಾಳ್ವನೆಂಬ ಬಿರುದೂ ಮಾಲಂಬಿಯ ನೆಲವೂ ಸಿಕ್ಕವು. ಸೋತವರಿಗೆ ಸಿಕ್ಕಿದ್ದೇನು? ಸುಮಾರು 1060ರ ಹೊತ್ತಿಗೆ ಇಲ್ಲಿಯ ಬಸದಿಯನ್ನು ಮತ್ತೆ ಕಟ್ಟಿಸಿದ ಚಂಗಾಳ್ವ ದೊರೆಯ ಹೆಸರನ್ನು ನೋಡಿ: ರಾಜೇಂದ್ರಚೋಳ ನನ್ನಿ ಚಂಗಾಳ್ವ. ಒಡೆಯನ ಹೆಸರು ಮುಂದೆ, ತನ್ನ ಕುಲದ ಹೆಸರು ಹಿಂದೆ. ಶೈವ ಚೋಳರಿಗೆ ಕಪ್ಪ ಒಪ್ಪಿಸುತ್ತಲೇ ಜಿನಾಲಯವನ್ನು ಜೀರ್ಣೋದ್ಧಾರ ಮಾಡಿದ್ದಾನೆ. ತಲೆ ಬಾಗಿಸಿದವನು ಕೈ ಕಟ್ಟಿ ಕೂತಿರಲಿಲ್ಲ ಎಂಬುದಕ್ಕೆ ಮೂರು ಗರ್ಭಗುಡಿಗಳ ಈ ತ್ರಿಕೂಟ ಬಸದಿಗಿಂತ ಚೆನ್ನಾದ ಪುರಾವೆ ಬೇಕಿಲ್ಲ.

ಇಲ್ಲಿಯ ಶಾಸನಗಳು ದಶರಥನ ಮಗ ರಾಮನಿಂದ ಹಿಡಿದು ವಿಕ್ರಮಾದಿತ್ಯ, ಗಂಗರವರೆಗಿನ ದತ್ತಿಗಳನ್ನು ಹೆಸರಿಸುತ್ತವೆ. ಇದನ್ನು ಇತಿಹಾಸವೆಂದು ನಂಬಬೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ರಾಮ ಬಂದಿದ್ದನೆಂದು ನಾನೂ ಹೇಳುವುದಿಲ್ಲ. ಆದರೆ ಹಾಗೆ ಕಲ್ಲಿನಲ್ಲಿ ಕೊರೆಸಿದ್ದು ಚರಿತ್ರೆಯ ಸಂಗತಿಯೇ. ಆಳುವವರು ಮೇಲಿಂದ ಮೇಲೆ ಬದಲಾಗುವ ಗಡಿನಾಡಿನಲ್ಲಿ ಬಸದಿಯ ಭೂಮಿಯನ್ನು ಉಳಿಸಿಕೊಳ್ಳಬೇಕಾದರೆ, ಇವತ್ತಿನ ದೊರೆಗಿಂತ ಹಳೆಯ ದಾನಿ ಬೇಕು. ರಾಮನಿಗಿಂತ ಹಳೆಯ ಹೆಸರು ಯಾವ ಸೇನಾಪತಿಗೆ ಸಿಕ್ಕೀತು? ಆದ್ದರಿಂದ ಈ ಪಟ್ಟಿಯನ್ನು ನಾನು ಓದುವುದು ಭಕ್ತಿಗಿಂತ ಹೆಚ್ಚಾಗಿ ಬಲವಿಲ್ಲದವರ ಜಾಣತನವೆಂದು.

ಪಿರಿಯಾಪಟ್ಟಣದ ದಾರಿಯಲ್ಲಿ ಬೆಟ್ಟದಪುರದ ಬೆಟ್ಟ ಬಹುದೂರದಿಂದಲೇ ಕಾಣುತ್ತದೆ. ಮೇಲಿರುವವನು ಸಿಡಿಲು ಮಲ್ಲಿಕಾರ್ಜುನ, ಮುಂದಿನ ಚಂಗಾಳ್ವರ ಮನೆದೇವರು. ಬಸದಿ ಕಟ್ಟಿಸಿದ ವಂಶ ಮುಂದೆ ಶಿವನಿಗೆ ನಡೆದುಕೊಂಡಿತು. ಚೋಳರ ನಂತರ ಹೊಯ್ಸಳರನ್ನೂ ವಿಜಯನಗರವನ್ನೂ ಕಂಡಿತು. ಬಾಗಿ ಬಾಗಿ ಆರು ಶತಮಾನಕ್ಕೂ ಮೀರಿ ಬಾಳಿದ ಆ ಮನೆತನವನ್ನು ಕೊನೆಗಾಣಿಸಿದ್ದು ದೂರದ ಚಕ್ರವರ್ತಿಯಲ್ಲ, ನೆರೆಯ ಮೈಸೂರು. 1644ರಲ್ಲಿ ಕಂಠೀರವ ನರಸರಾಜ ಒಡೆಯರ ಸೇನೆ ಪಿರಿಯಾಪಟ್ಟಣದ ಕೋಟೆ ಹಿಡಿಯಿತು. ಈಗ ಉಳಿದಿರುವುದು ಕೋಟೆಯ ಕುರುಹುಗಳಷ್ಟೆ. ಇದೇ ತಾಲ್ಲೂಕಿನ ಬೈಲಕುಪ್ಪೆಗೆ ಬರುವ ಕಾರುಗಳ ಸಾಲು ಇತ್ತ ತಿರುಗುವುದಿಲ್ಲ. ಅದರ ಮೇಲೆ ನನಗೆ ಮುನಿಸಿಲ್ಲ. ನಾಡು ಕಳೆದುಕೊಂಡು ಬಂದ ಟಿಬೆಟಿನವರಿಗೆ 1961ರಲ್ಲಿ ನೆಲೆ ಸಿಕ್ಕಿದ್ದು ಈ ನೆಲದಲ್ಲೇ ಎಂಬುದು ನನ್ನ ವಾದಕ್ಕೆ ತಾನಾಗಿ ಒದಗಿದ ಇನ್ನೊಂದು ಸಾಕ್ಷಿ.

ಹುಣಸೂರು ಚಂಗನಾಡಿನ ಒಡಲು, ಲಕ್ಷ್ಮಣತೀರ್ಥದ ಸೀಮೆ. ಇಲ್ಲಿ ಕಟ್ಟಡಕ್ಕಿಂತ ಪುಸ್ತಕ ದೊಡ್ಡದು. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ ‘ನೇಮಿಜಿನೇಶ ಸಂಗತಿ’ ಬರೆದ. ಅಡುಗೆಯನ್ನೇ ಷಟ್ಪದಿಗೆ ಇಳಿಸಿ ‘ಸೂಪಶಾಸ್ತ್ರ’ವನ್ನೂ ಬರೆದ. ಅವನ ಹಿರಿಯರು ಚಂಗಾಳ್ವರ ಮಂತ್ರಿಗಳು, ಅಂದರೆ ಸಾಮಂತನಿಗೂ ಸಾಮಂತರು. ಆಸ್ಥಾನ ಚಿಕ್ಕದಾದಷ್ಟೂ ಕಾವ್ಯ ದಿಗ್ವಿಜಯಗಳಿಂದ ಅಡುಗೆಮನೆಗೆ ಸರಾಗವಾಗಿ ಬರುತ್ತದೆಯೇನೋ! ಕಲ್ಲಹಳ್ಳಿ ಎಂದೊಡನೆ ಇಂದಿನವರಿಗೆ ನೆನಪಾಗುವವರು ದೇವರಾಜ ಅರಸು. ಊರು ಸಣ್ಣದಾದರೆ ಅದರ ಮಾತೂ ಸಣ್ಣದು ಎಂದು ತಿಳಿಯುವವರಿಗೆ ಇಷ್ಟು ಉತ್ತರ ಸಾಕು.

ಎಚ್.ಡಿ. ಕೋಟೆ ತಾಲ್ಲೂಕಿಗೆ ಬಂದಾಗ ವಾದ ಕಠಿಣವಾಗುತ್ತದೆ. ಬೆಳತೂರಿನ 1057ರ ಶಾಸನ ಕನ್ನಡ ಓದುಗರಿಗೆ ಗೊತ್ತಿರುವಂಥದು. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳ ಗಂಡ ನವಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಅವನು ದಾಯಾದಿಯನ್ನು ಕೊಂದ. ಅರಸ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ನಡೆದಳು. ಸಹಗಮನದ ಕಲ್ಲನ್ನು ಪ್ರವಾಸದ ಆಕರ್ಷಣೆ ಮಾಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಶಾಸನಕವಿ ಅವಳ ನಿರ್ಧಾರವನ್ನು ಕೊಂಡಾಡುತ್ತಾನೆ, ನಾವು ಕೊಂಡಾಡಬೇಕಾಗಿಲ್ಲ. ಆದರೆ ಅದೇ ಕವಿ ಹೆತ್ತವರೂ ನೆಂಟರೂ ಬೇಡವೆಂದು ಅವಳನ್ನು ತಡೆದದ್ದನ್ನು ಮರೆಮಾಚಿಲ್ಲ. ಹೊಗಳಿಕೆಯ ಶಾಸನದೊಳಗೇ ಅದಕ್ಕೆ ಎದುರಾದ ದನಿಯೂ ಕೂತಿದೆ. ಚೋಳಾಡಳಿತದ ನ್ಯಾಯ ಒಂದು ಮನೆಯ ಅಂಗಳಕ್ಕೆ ಬಂದಾಗ ಏನಾಯಿತು ಎಂಬುದನ್ನು ರಾಜರ ಪ್ರಶಸ್ತಿಗಳು ಹೇಳುವುದಿಲ್ಲ. ಈ ಕಲ್ಲು ಹೇಳುತ್ತದೆ.

ಕಪಿಲೆಯ ದಡದ ಕಿತ್ತೂರು ಹಿಂದಿನ ಕೀರ್ತಿಪುರ, ಪುನ್ನಾಟದ ರಾಜಧಾನಿ. ಎರಡನೆಯ ಶತಮಾನದಲ್ಲಿ ಟಾಲೆಮಿ ಬೆರಿಲ್ ರತ್ನ ಸಿಗುವ ನಾಡೆಂದು ಹೆಸರಿಸಿದ್ದು ಈ ಪುನ್ನಾಟವನ್ನೇ ಎನ್ನುತ್ತಾರೆ ವಿದ್ವಾಂಸರು. ಪುನ್ನಾಟದ ರಾಜಕುಮಾರಿ ಗಂಗರ ಅವಿನೀತನನ್ನು ಮದುವೆಯಾದಳು. ಅವರ ಮಗ ದುರ್ವಿನೀತನ ಕಾಲಕ್ಕೆ ತವರಿನ ರಾಜ್ಯ ಗಂಗರಲ್ಲಿ ಕರಗಿತು. ಹೆಸರು ಮಾತ್ರ ನಡೆಯುತ್ತಾ ಹೋಯಿತು: 783ರಲ್ಲಿ ‘ಹರಿವಂಶಪುರಾಣ’ ಮುಗಿಸಿದ ಜಿನಸೇನ ಗುಜರಾತಿನ ಕಡೆಯಲ್ಲಿದ್ದರೂ ಪುನ್ನಾಟ ಸಂಘದವನು. ಹಳೆಯ ಕಿತ್ತೂರೋ, ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿದಾಗ ಕಬಿನಿ ಹಿನ್ನೀರಿನ ಅಡಿ ಸೇರಿತು. ಇಲ್ಲಿ ಕಾರು ನಿಲ್ಲಿಸಿದರೆ ಕಾಣುವುದು ನೀರು. ಏನೂ ಕಾಣದ ಜಾಗಕ್ಕೆ ಪೆಟ್ರೋಲು ಸುಡುವುದೇಕೆ ಎಂಬುದು ಕೊನೆಯ ಆಕ್ಷೇಪ. ಓದಿ ತಿಳಿಯಬಹುದಾದದ್ದು ಬಹಳಷ್ಟಿದೆ, ಒಪ್ಪುತ್ತೇನೆ. ಓದಿನಲ್ಲಿ ದಕ್ಕದ್ದು ಅಳತೆ. ನುಗುನಾಡು, ನವಲೆನಾಡು, ಚಂಗನಾಡು, ಪುನ್ನಾಟ ಎಂಬ ಹೆಸರುಗಳು ಪುಟದ ಮೇಲೆ ದೇಶಗಳಂತೆ ಕಾಣುತ್ತವೆ. ಕಾರಿನಲ್ಲಿ ಒಂದೊಂದೂ ಗಂಟೆ, ಅರ್ಧ ಗಂಟೆಯ ದಾರಿ. ದೊಡ್ಡ ಸೇನೆಗೆ ಇವು ಎಷ್ಟು ಹತ್ತಿರ, ಒಂದು ಹೊಳೆಯ ತಿರುವು, ಒಂದು ಬೆಟ್ಟ ಇವುಗಳಿಗೆ ಎಷ್ಟು ದೊಡ್ಡ ಆಸರೆ ಎಂಬುದು ಸುತ್ತಿದ ಮೇಲೆಯೇ ತಿಳಿಯುವುದು.

ಕೋಟೆಯಿಂದ ಮರಳುವ ರಸ್ತೆ ಗೆದ್ದವರ ಊರಿಗೆ ಹೋಗುತ್ತದೆ. ಆದರೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆಯುವವರೆಗೆ ಮೈಸೂರು ಕೂಡ ವಿಜಯನಗರದ ಅಡಿಯ ಒಂದು ಸಣ್ಣ ಪಾಳೆಯಪಟ್ಟು, ಪಿರಿಯಾಪಟ್ಟಣದ ಸಾಲಿನದು. ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಊರು ರಾಜ್ಯವಾಯಿತು, ಇನ್ನೊಂದು ತಾಲ್ಲೂಕಾಗುವ ದಾರಿ ಹಿಡಿಯಿತು. ದಸರೆಯ ಜಂಬೂಸವಾರಿ ಬೆಟ್ಟದಪುರದ ಬುಡದಲ್ಲಿ ನಡೆಯುವುದು ಅಸಾಧ್ಯವೇನೂ ಆಗಿರಲಿಲ್ಲ. ಅರಮನೆಯ ದೀಪಗಳನ್ನು ನೋಡಲು ಬರುವವರು ಒಂದು ಹಗಲನ್ನು ಈ ನಾಲ್ಕು ತಾಲ್ಲೂಕುಗಳಿಗೆ ಕೊಟ್ಟರೆ, ಮೈಸೂರು ಏನಾಗದೆ ಉಳಿಯಿತು ಎಂಬುದನ್ನೂ ನೋಡಿಕೊಂಡು ಹೋಗಬಹುದು.