ಜಂಪರಿನ ಕುಲಗೋತ್ರ

ಗಂಗಾವತಿಯ ಯಾವುದಾದರೊಂದು ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಸುಮ್ಮನೆ ಕುಳಿತವರಿಗೆ ಭಾಷಾಶಾಸ್ತ್ರದ ಒಂದು ಪಾಠವು ಶುಲ್ಕವಿಲ್ಲದೆ ದೊರೆಯುವುದು. ಹಳ್ಳಿಯಿಂದ ಬಂದ ನಡುವಯಸ್ಸಿನ ಹೆಂಗಸು ‘ಜಂಪರ್ ಆಗ್ಯಾವೇನ್ರಿ?’ ಎಂದು ಕೇಳುವಳು. 1953ರಲ್ಲಿ ತುಂಗಭದ್ರಾ ಜಲಾಶಯವು ತಲೆಯೆತ್ತಿದ ತರುವಾಯ ಆಂಧ್ರದ ಕಡೆಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆನಿಂತ ಒಕ್ಕಲು ಮನೆತನದ ತಾಯಿಯು ಅದೇ ಉಡುಪನ್ನು ‘ಜಾಕೆಟ್ಟು’ ಎನ್ನುವಳು. ಕಾಲೇಜಿಗೆ ಹೋಗುವ ಹುಡುಗಿಯು ‘ಬ್ಲೌಸ್’ ಎನ್ನುವಳು. ಇವರೆಲ್ಲರ ಹಿಂದೆ ಗೋಡೆಗೊರಗಿ ಕುಳಿತ ಮುದುಕಿಯು ಇದಾವುದನ್ನೂ ಲೆಕ್ಕಿಸದೆ, ‘ನನ್ನ ಕುಬಸ ಕೊಡೋ ತಮ್ಮಾ’ ಎಂದು ಕೈನೀಡುವಳು. ದರ್ಜಿಯು ಯಾರನ್ನೂ ತಿದ್ದುವುದಿಲ್ಲ. ಅವನ ಕತ್ತರಿಗೆ ನಾಲ್ಕೂ ಒಂದೇ. ಉಪಾಧ್ಯಾಯರಾಗಿದ್ದ ನಮಗೆ ತಿದ್ದುವ ಚಾಪಲ್ಯವು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಆದರೆ ಇಲ್ಲಿ ತಿದ್ದಬೇಕಾದವರು ಯಾರು?

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಈ ನಾಲ್ಕೂ ತಾಲೂಕುಗಳಲ್ಲಿ ಜಂಪರ್ ಎಂಬ ಮಾತನ್ನು ಅರಿಯದ ಮನೆಯಿಲ್ಲ. ಅದು ಇಂಗ್ಲಿಷಿನದೆಂಬುದನ್ನು ಮಾತ್ರ ಆಡುವವರೇ ಮರೆತಿದ್ದಾರೆ. ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು ಪತಿಯೊಡನೆ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಐದು ವರ್ಷದ ಗಂಡುಮಗುವನ್ನು ಶಾಲೆಗೆ ಸೇರಿಸಿದಾಗ ಸಮವಸ್ತ್ರದ ಪಟ್ಟಿಯೊಂದು ಬಂದಿತು. ಅದರಲ್ಲಿ ‘ಜಂಪರ್, ಎರಡು’ ಎಂದಿತ್ತು. ಈ ವಾರ್ತೆಯು ದೂರವಾಣಿಯ ಮೂಲಕ ಯಲಬುರ್ಗಾದಲ್ಲಿರುವ ಅಜ್ಜಿಯ ಕಿವಿಗೆ ಮುಟ್ಟಿತು. ‘ಗಂಡುಹುಡುಗಗ ಜಂಪರ್ ತೊಡಸೋ ಸಾಲಿ ಅದೆಂಥಾ ಸಾಲಿ? ಬ್ಯಾರೆ ಕಡೆ ಹಾಕ್ರಿ’ ಎಂದು ಆಕೆಯ ಅಪ್ಪಣೆಯಾಯಿತು. ಆ ದೇಶದಲ್ಲಿ ಜಂಪರ್ ಎಂದರೆ ತಲೆಯ ಮೇಲಿಂದ ತೊಡುವ ಉಣ್ಣೆಯ ಅಂಗಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅದನ್ನು ಧರಿಸುವರು. ಅಮೆರಿಕದಲ್ಲಿಯಾದರೋ ಅದೇ ಶಬ್ದಕ್ಕೆ, ಒಳಗೊಂದು ಅಂಗಿಯನ್ನು ತೊಟ್ಟು ಮೇಲೆ ಹಾಕಿಕೊಳ್ಳುವ ತೋಳಿಲ್ಲದ ಹೆಣ್ಣುಮಕ್ಕಳ ಫ್ರಾಕು ಎಂದರ್ಥ. ಮೊಮ್ಮಗನು ಅಲ್ಲಿದ್ದಿದ್ದರೆ ಅಜ್ಜಿಯ ಆಕ್ಷೇಪಣೆಯು ಯಥಾರ್ಥವೇ ಆಗುತ್ತಿತ್ತು!

ಹಾಗಾದರೆ ನಮ್ಮವರು ಇಂಗ್ಲಿಷ್ ಶಬ್ದವನ್ನು ಕೇಳಿ ಅರ್ಥವನ್ನು ತಪ್ಪಾಗಿ ಹಿಡಿದರೆಂದು ಕೆಲವರು ಹೇಳಬಹುದು. ಅದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಂಪರ್ ಎಂದರೆ ಹಡಗಿನ ನಾವಿಕರೂ ಕೂಲಿಕಾರರೂ ತೊಡುತ್ತಿದ್ದ ಒರಟುಬಟ್ಟೆಯ ಸಡಿಲ ಮೇಲಂಗಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದೇ ಹೆಸರು ಅಲ್ಲಿಯ ಸ್ತ್ರೀಯರ ಸಡಿಲ ರವಿಕೆಗೆ ಸಂದಿತು. ನಮ್ಮ ದೇಶವು ಈ ಶಬ್ದವನ್ನು ಬರಮಾಡಿಕೊಂಡದ್ದು ಆ ಕಾಲದ ಅರ್ಥದಲ್ಲಿಯೇ ಎಂದು ತೋರುತ್ತದೆ. ಮರಾಠಿಯಲ್ಲಿ ಅದು ಝಂಪರ ಎಂದಾಯಿತು. ದೂರದ ಕೇರಳದ ಸ್ತ್ರೀಯರೂ ತಮ್ಮ ರವಿಕೆಗೆ ಆ ಹೆಸರನ್ನಿಟ್ಟುಕೊಂಡರು. ಆಮೇಲೆ ಇಂಗ್ಲೆಂಡಿನ ಜಂಪರ್ ಉಣ್ಣೆಯ ದಾರಿ ಹಿಡಿದು ಬೇರೆ ಊರಿಗೆ ಹೋಯಿತು. ನಮ್ಮದು ಇದ್ದಲ್ಲಿಯೇ ಉಳಿಯಿತು.

ಇನ್ನೊಂದು ಜಂಪರ್ ಉಂಟು. ವಿದ್ಯುತ್ ಕಂಬದ ಮೇಲೆ ಒಂದು ತಂತಿಯಿಂದ ಇನ್ನೊಂದಕ್ಕೆ ಕೊಡುವ ತುಂಡುತಂತಿಗೂ ಅದೇ ಹೆಸರು. ಕಂಬವನ್ನೇರಿದ ನೌಕರನು ‘ಜಂಪರ್ ಕಿತ್ತೈತ್ರಿ, ಅದಕ್ಕ ಕರೆಂಟಿಲ್ಲ’ ಎಂದು ಕೂಗಿದಾಗ ನಮ್ಮ ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಅದು ‘ನೆಗೆ’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಉಡುಪಿನ ಜಂಪರಿಗೂ ಅದಕ್ಕೂ ಉಚ್ಚಾರದ ಹೊರತು ನಂಟಿಲ್ಲ.

ಇದೆಲ್ಲವನ್ನು ಇಷ್ಟು ಶ್ರಮಪಟ್ಟು ಶೋಧಿಸಲು ನಮಗೆ ಕಾರಣವೊಂದಿತ್ತು. ಕುಷ್ಟಗಿ ತಾಲೂಕಿನ ಹುಡುಗಿಯೊಬ್ಬಳು ಹಿಂದೆ ನಮ್ಮಲ್ಲಿ ಸಂಸ್ಕೃತವನ್ನು ಕಲಿತಳು. ಶಬ್ದರೂಪಗಳನ್ನು ತಡವರಿಸದೆ ಹೇಳುವ ಚುರುಕಾದ ಬುದ್ಧಿ. ಮುಂದೆ ದಕ್ಷಿಣದ ಊರೊಂದರಲ್ಲಿ ಕಾಲೇಜಿಗೆ ಸೇರಿದಳು. ವಸತಿಗೃಹದಲ್ಲಿ ಒಂದು ದಿನ ‘ನನ್ನ ಜಂಪರ್ ಒಣಗಿಲ್ಲ’ ಎಂದಳಂತೆ. ಜೊತೆಯ ಹುಡುಗಿಯರು ಬಿದ್ದುಬಿದ್ದು ನಕ್ಕರು. ವರ್ಷವಿಡೀ ಅವಳನ್ನು ‘ಜಂಪರ್’ ಎಂದೇ ಕರೆದರು. ಮಗುವು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿತು. ರಜೆಯಲ್ಲಿ ಮನೆಗೆ ಬಂದಾಗ ತಾಯಿಯೊಡನೆಯೂ ಪುಸ್ತಕದ ಕನ್ನಡವನ್ನೇ ಆಡತೊಡಗಿದಳು. ಆ ತಾಯಿಯು ನಮ್ಮಲ್ಲಿಗೆ ಬಂದು, ‘ಮಾಸ್ತರ, ನನ್ನ ಮಗಳು ನನ್ನ ಮಾತಿಗೆ ನಾಚ್ತಾಳ್ರಿ’ ಎಂದು ಕಣ್ಣೀರು ತಂದಳು.

ನಾವು ಹುಡುಗಿಯನ್ನು ಕರೆಯಿಸಿ ನಿಘಂಟುಗಳನ್ನು ಅವಳ ಮುಂದೆ ಹರವಿದೆವು. ಬ್ಲೌಸ್ ಎಂಬುದು ಫ್ರೆಂಚರ ಶಬ್ದ. ಅಲ್ಲಿ ಅದು ಕೂಲಿಕಾರರು, ರೈತರು ತೊಡುತ್ತಿದ್ದ ದೊಗಲೆ ಅಂಗಿ. ಇಂದಿಗೂ ಇಂಗ್ಲೆಂಡಿನ ಅಂಗಡಿಯಲ್ಲಿ ಬ್ಲೌಸ್ ಕೇಳಿದರೆ ಷರ್ಟಿನಂತಹದನ್ನು ಕೊಡುವರೇ ಹೊರತು ಸೀರೆಯ ಮೇಲೆ ತೊಡುವುದನ್ನಲ್ಲ. ನಕ್ಕವರ ಮಾತೂ ಕೂಲಿಕಾರರ ಅಂಗಿ, ಇವಳ ಮಾತೂ ಕೂಲಿಕಾರರ ಅಂಗಿ. ನಾಗರಿಕತೆಯ ತಾರತಮ್ಯವು ಇಲ್ಲಿ ಎಲ್ಲಿಂದ ಬಂತು? ಇನ್ನೂ ಮುಂದೆ ಹೋದರೆ ರಸವು ಹೆಚ್ಚು. ಅರಬ್ಬೀ ಭಾಷೆಯಲ್ಲಿ ಜುಬ್ಬಾ ಎಂದರೆ ಉದ್ದನೆಯ ನಿಲುವಂಗಿ. ಆ ಶಬ್ದವು ಪಶ್ಚಿಮಕ್ಕೆ ಹೋಗಿ ಫ್ರೆಂಚರಲ್ಲಿ ಜೂಪ್ ಆಯಿತು; ಅಲ್ಲಿಂದ ಬ್ರಿಟನ್ನಿಗೆ ದಾಟಿ, ಗಿಡ್ಡ ಕೋಟಿನ ಅರ್ಥದಲ್ಲಿ ಜಂಪ್ ಎಂದಾಗಿ, ಬಳಿಕ ಜಂಪರ್ ಆಗಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಅದೇ ಶಬ್ದವು ಪೂರ್ವಕ್ಕೆ ಬಂದು ನಮ್ಮಲ್ಲಿ ಜುಬ್ಬವಾಯಿತು. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದು ಉರ್ದುವಿನ ಒಡನಾಟದಲ್ಲಿ ಬೆಳೆದ ಈ ಸೀಮೆಗೆ ಜುಬ್ಬವೇನೂ ಹೊಸದಲ್ಲ. ಒಂದೇ ಮೂಲದ ಎರಡು ಶಬ್ದಗಳು ಭೂಮಿಯನ್ನು ಎರಡು ದಿಕ್ಕಿನಿಂದ ಸುತ್ತಿ ಬಂದು ಯಲಬುರ್ಗಾದ ಒಂದೇ ಹಗ್ಗದ ಮೇಲೆ ಒಣಗುತ್ತಿವೆ!

ಹುಡುಗಿಯು ಬಹುಕಾಲದ ಮೇಲೆ ನಕ್ಕಳು. ‘ಹಂಗಾದ್ರ ಅಪ್ಪನ ಜುಬ್ಬ, ಅವ್ವನ ಜಂಪರ್ ಒಂದ ಮನಿತನದವು’ ಎಂದಳು. ಅವಳ ಸಂಕೋಚವು ಅಂದೇ ಹಾರಿಹೋಯಿತೆಂದು ಹೇಳಲಾರೆವು. ಪದವಿಯನ್ನಂತೂ ಮುಗಿಸಿದಳು, ಅವ್ವನೊಡನೆ ಮೊದಲಿನಂತೆ ಮಾತನಾಡತೊಡಗಿದಳು.

ಜಂಪರನ್ನು ಇಷ್ಟು ಹೊಗಳಿದ ಮೇಲೆ ಅದರಿಂದಾದ ನಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ದರ್ಜಿಯ ಕಟ್ಟೆಯ ಮುದುಕಿಯು ಕೇಳಿದ ಕುಬಸವು ಸಾಮಾನ್ಯ ಶಬ್ದವಲ್ಲ. ಸಂಸ್ಕೃತದ ಕೂರ್ಪಾಸವೇ ಕನ್ನಡದಲ್ಲಿ ಕುಪ್ಪಸವಾಗಿ, ನಮ್ಮ ಬಾಯಲ್ಲಿ ಕುಬಸವಾಯಿತು. ಅಮರಸಿಂಹನು ಚೋಲ, ಕೂರ್ಪಾಸಕ ಎರಡನ್ನೂ ಒಟ್ಟಿಗೆ ಹೇಳಿದ್ದಾನೆ. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದ ಸ್ತ್ರೀಯರು ಚಳಿಗಾಲದಲ್ಲಿ ತೊಡುವುದೂ ಇದನ್ನೇ. ಕೂರ್ಪರವೆಂದರೆ ಮೊಣಕೈ, ಅಲ್ಲಿಯವರೆಗೆ ಬರುವುದು ಕೂರ್ಪಾಸವೆಂದು ಪಂಡಿತರು ಶಬ್ದವನ್ನು ಬಿಡಿಸುವುದುಂಟು. ನಮ್ಮ ಅಜ್ಜಿಯ ಕುಬಸವು ಗುಳೇದಗುಡ್ಡದ ಖಣದ್ದು. ಅದಕ್ಕೆ ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಎರಡು ತುದಿಗಳನ್ನು ಎದೆಯ ಕೆಳಗೆ ಗಂಟಿಕ್ಕಿದರೆ ಆಯಿತು. ಜಂಪರು ಕೊಕ್ಕೆಗಳೊಡನೆ ಬಂದಿತು. ಗಂಟಿನ ಕುಬಸವು ಹಿಂದೆ ಸರಿಯಿತು. ಆ ಮುದುಕಿಯ ತಲೆಮಾರು ಕಳೆದರೆ ಉಡುಪಿನ ಹೆಸರಾಗಿ ಕುಬಸವನ್ನು ಆಡುವವರು ವಿರಳವಾಗುವರು.

ಆದರೆ ಒಂದು ಮನೆಯನ್ನು ಜಂಪರು ಹೊಗಲಾರದೆ ಹೋಯಿತು. ಹೆಣ್ಣುಮಗಳು ಗರ್ಭಿಣಿಯಾಗಿ ಐದನೆಯ ಅಥವಾ ಏಳನೆಯ ತಿಂಗಳು ಬಂದಾಗ ತವರಿನವರು ಹಸಿರು ಸೀರೆ, ಖಣ, ಬಳೆ, ಬಗೆಬಗೆಯ ಅಡಿಗೆಗಳನ್ನು ತಂದು ಮಾಡುವ ಕಾರ್ಯಕ್ಕೆ ನಮ್ಮ ಕಡೆ ಕುಬಸವೆಂದೇ ಹೆಸರು. ‘ಮಗಳ ಕುಬಸಕ್ಕ ಬರ್ರಿ’ ಎಂದು ಕರೆಯುವರಲ್ಲದೆ ಜಂಪರಿಗೆ ಬನ್ನಿರೆಂದು ಯಾರೂ ಕರೆದಿಲ್ಲ. ಈಚೆಗೆ ಆಮಂತ್ರಣಪತ್ರಿಕೆಗಳಲ್ಲಿ ಆ ಮಾತನ್ನು ತೆಗೆದು ‘ಸೀಮಂತ’ ಎಂದು ಮುದ್ರಿಸುತ್ತಾರೆ. ಸಂಸ್ಕೃತ ಕಲಿತ ನಾವು ಅದಕ್ಕೆ ಸಂತೋಷಪಡುವೆವೆಂದು ಜನರ ಎಣಿಕೆ. ನಮಗೆ ಸಂತೋಷವಿಲ್ಲ. ಸೀಮಂತೋನ್ನಯನವು ಗೃಹ್ಯಸೂತ್ರಗಳಲ್ಲಿ ಹೇಳಿದ ಸಂಸ್ಕಾರ. ಪತಿಯು ಪತ್ನಿಯ ಬೈತಲೆಯನ್ನು ತೆಗೆಯುವುದು ಅದರ ತಿರುಳು. ಅದು ಗಂಡನ ಕೈಯ ಕೆಲಸ. ಕುಬಸವಾದರೋ ತಾಯಿಯ ಮನೆಯಿಂದ ಬರುವ ಬಟ್ಟೆ. ಕೊಟ್ಟ ಮಗಳನ್ನು ಮರೆತಿಲ್ಲವೆಂದು ತವರು ನಾಲ್ಕು ಜನರೆದುರಿಗೆ ಸಾರುವುದು ಆ ಒಂದು ತುಂಡು ಖಣದಿಂದ. ಎರಡೂ ಒಳ್ಳೆಯವೇ. ಆದರೆ ಒಂದರ ಹೆಸರನ್ನು ಇನ್ನೊಂದರ ಮೇಲೆ ಅಂಟಿಸಿದರೆ ತಾಯಿಯ ಪಾಲು ಎಲ್ಲಿ ಉಳಿಯಿತು?

ಕಳೆದ ವರ್ಷ ನಮ್ಮ ಆ ವಿದ್ಯಾರ್ಥಿನಿಗೇ ಏಳು ತಿಂಗಳು ತುಂಬಿದವು. ಪತ್ರಿಕೆಯನ್ನು ಬರೆದುಕೊಡುವ ಕೆಲಸವು ನಮಗೆ ಬಂತು. ಕೊಪ್ಪಳದ ಮುದ್ರಕನು, ‘ಎಲ್ಲಾರೂ ಸೀಮಂತ ಅಂತ ಹಾಕಸ್ತಾರ್ರಿ, ಅಚ್ಚು ತಯಾರೈತಿ’ ಎಂದನು. ಕುಬಸವೆಂದೇ ಆಗಬೇಕೆಂದು ಕುಳಿತು ಮಾಡಿಸಿಕೊಂಡು ಬಂದೆವು. ಕಾರ್ಯದ ದಿನ ಮನೆಯ ತುಂಬ ಹೆಂಗಸರು. ಹಸಿರು ಸೀರೆಯುಟ್ಟು ಹುಡುಗಿಯು ಒಳಗೆ ಕಾಯುತ್ತಿದ್ದಳು. ಮುಹೂರ್ತವು ಸಮೀಪಿಸಿದಾಗ ಅವಳ ತಾಯಿಯು ಗಾಬರಿಯಿಂದ ಪೆಟ್ಟಿಗೆಗಳನ್ನೆಲ್ಲ ತೆರೆತೆರೆದು ನೋಡುತ್ತ, ‘ಯವ್ವಾ, ಕುಬಸದ ಜಂಪರ್ ಎಲ್ಲಿ ಇಟ್ಟೀರೇ?’ ಎಂದು ಕೂಗಿದಳು.