ಸಪ್ಪಳ ಎಲ್ಲಿಂದ ಬರ್ತೈತಿ?

ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಓಡಾಡುವವರಿಗೆ ಕಾರಿನ ಸಸ್ಪೆನ್ಷನ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರ ಸೊಂಟಕ್ಕೇ ಅದು ಗೊತ್ತು. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ಜೊತೆಗೇ ಏರಿಳಿಯುತ್ತದೆ. ಸಾಲದ್ದಕ್ಕೆ ಗ್ರಾನೈಟ್ ಹೊತ್ತ ಲಾರಿಗಳು. ಚಕ್ರಕ್ಕೂ ಬಾಡಿಗೂ ನಡುವೆ ಇರುವ ರಬ್ಬರ್ ಬುಷ್‌ಗಳು, ಕೀಲುಗಳು ಇಲ್ಲಿ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಸಣ್ಣ ಕಾರಿನ ಮುಂದಿನ ಎಡಭಾಗದಲ್ಲಿ ಟಕ್ ಟಕ್ ಸದ್ದು ಶುರುವಾಯಿತು. ಅಮ್ಮಿಯನ್ನು ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ಇದೇ ಕಾರಿನಲ್ಲಿ. ಸದ್ದಾದಾಗಲೆಲ್ಲ ಅವರು ಸೀಟಿನ ಅಂಚು ಹಿಡಿದು ದುವಾ ಓದುತ್ತಿದ್ದರು. ಒಂದು ವರ್ಕ್‌ಶಾಪಿನವರು ಗಾಡಿಯನ್ನು ಒಂದು ಸುತ್ತು ಓಡಿಸಿ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು, ಮೂರು ದಿನ ಬಿಟ್ಟುಹೋಗಿ ಎಂದರು. ಹಣಕ್ಕಿಂತ ಆ ಮೂರು ದಿನವೇ ದೊಡ್ಡ ಚಿಂತೆಯಾಯಿತು. ಡಯಾಲಿಸಿಸ್ ಮುಂದೂಡುವಂಥದ್ದಲ್ಲ.

ಹುನಗುಂದದಲ್ಲಿ ಪರಿಚಯದ ಒಬ್ಬ ಉಸ್ತಾದರಿದ್ದಾರೆ. ಫೋನ್ ಮಾಡಿದೆ. "ಭಾಯ್, ಸಪ್ಪಳ ಯಾವಾಗ ಬರ್ತೈತಿ? ಹಂಪ್ ಹತ್ತುವಾಗೋ, ಒಂದೇ ಗಾಲಿ ತೆಗ್ಗಿಗೆ ಇಳಿದಾಗೋ? ನೋಡಿ ಹೇಳ್ರಿ" ಎಂದರು.

ಆ ವಾರ ಬಾದಾಮಿಗೆ ಮದುವೆಗೆ ಹೋಗುವಾಗ ಕಿವಿಗೊಟ್ಟು ಗಮನಿಸಿದೆ. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪಿನ ಮೇಲೆ ಸದ್ದಿಲ್ಲ. ರಸ್ತೆಯಂಚು ಕಿತ್ತುಹೋದಲ್ಲಿ ಎಡ ಚಕ್ರ ಮಾತ್ರ ಇಳಿದರೆ, ಟಕ್! ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಎಡಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳು ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುತ್ತದೆ. ಎರಡೂ ಚಕ್ರ ಸಮನಾಗಿ ಏರಿದರೆ ಅದಕ್ಕೆ ಕೆಲಸವಿಲ್ಲ. ಒಂದೇ ಇಳಿದರೆ ಸರಳು ತಿರುಚಿಕೊಳ್ಳುತ್ತದೆ, ಆ ಬಲವೆಲ್ಲ ತುದಿಯ ಲಿಂಕ್ ರಾಡ್ ಮೇಲೆ ಬೀಳುತ್ತದೆ. ಲಿಂಕ್ ರಾಡಿನ ಕೀಲು ಸವೆದಿದ್ದರೆ ಸದ್ದು.

ಆದರೂ ಅನುಮಾನಗಳನ್ನು ಒಂದೊಂದಾಗಿ ಕಳೆಯಲು ಉಸ್ತಾದರು ಹೇಳಿದರು. ಡಿಕ್ಕಿಯಿಂದ ಸ್ಟೆಪ್ನಿ, ಜಾಕು, ಪಾನಾ ಹೊರಗಿಟ್ಟು ಓಡಿಸಿದೆ, ಸದ್ದು ಹೋಗಲಿಲ್ಲ. ಮುಂದಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟೆ. ಒಮ್ಮೆ ಎದ್ದು ನಿಂತಿತು, ಕುಣಿಯಲಿಲ್ಲ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿದ ಗುರುತಿರಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಎರಡೂ ಕಡೆ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ: ಬೇರಿಂಗ್, ಬಾಲ್ ಜಾಯಿಂಟ್ ಬಿಗಿಯಾಗಿದ್ದವು. ಎಡಬಲ ಹಿಡಿದು ಅಲುಗಿಸಿದೆ: ಸ್ಟೀರಿಂಗಿನ ಟೈ ರಾಡೂ ಸರಿ. ಕೊನೆಗೆ ಎಡಗಡೆಯ ಲಿಂಕ್ ರಾಡ್ ಹಿಡಿದು ಜಗ್ಗಿದರೆ ಕಟಕಟ ಎಂದಿತು. ಕೀಲಿನ ರಬ್ಬರ್ ಟೊಪ್ಪಿಗೆ ಹರಿದು ಒಳಗೆ ಮಣ್ಣು ತುಂಬಿತ್ತು.

ಬಾಗಲಕೋಟೆಯಿಂದ ಜೋಡಿ ಲಿಂಕ್ ರಾಡ್ ತಂದೆ. ಶಾಕ್ ಅಬ್ಸಾರ್ಬರ್‌ಗಳ ಲೆಕ್ಕಕ್ಕೆ ಅದು ಅಲ್ಪ ಖರ್ಚು. ಬಿಚ್ಚುವಾಗ ನಟ್ಟಿನ ಜೊತೆ ಬೋಲ್ಟೂ ತಿರುಗುತ್ತದೆ; ಅದರ ತುದಿಯ ಗುಳಿಗೆ ಅಲೆನ್ ಕೀ ಹಾಕಿ ಹಿಡಿದರೆ ನಟ್ ಬಿಡುತ್ತದೆ. ತುಕ್ಕಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಎರಡೂ ಚಕ್ರ ಒಂದೇ ಎತ್ತರದಲ್ಲಿ ತೂಗುತ್ತಿದ್ದರೆ ಸರಳಿನಲ್ಲಿ ಬಿಗಿತವಿರದೆ ಹೊಸ ರಾಡ್ ಸಲೀಸಾಗಿ ಕೂರುತ್ತದೆ. ಶುಕ್ರವಾರ ಜುಮಾಕ್ಕೆ ಮೊದಲೇ ಎರಡೂ ಕಡೆಯ ಕೆಲಸ ಮುಗಿಯಿತು, ಸದ್ದೂ ಹೋಯಿತು. "ಸ್ಪ್ರಿಂಗ್ ಮಾತ್ರ ಮನ್ಯಾಗ ಬಿಚ್ಚಾಕ ಹೋಗಬ್ಯಾಡ್ರಿ. ಅದು ಒತ್ತಿಟ್ಟ ಸಿಟ್ಟು ಇದ್ದಂಗ" ಎಂದು ಉಸ್ತಾದರು ಎಚ್ಚರಿಸಿದರು.

ಈ ಉಸ್ತಾದರು ಏಳನೆಯ ತರಗತಿಗೆ ಶಾಲೆ ಬಿಟ್ಟವರು. ವಾಹನ ರಿಪೇರಿಯಂಥ ದುಡಿಮೆಗಳಲ್ಲಿ ಮುಸ್ಲಿಮರ ಪಾಲು ಹೆಚ್ಚೆಂದು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತ್ತು. ಓದು ತಲೆಗೆ ಹತ್ತದವರು ಗ್ಯಾರೇಜು ಸೇರುತ್ತಾರೆಂದು ನಮ್ಮ ಮೊಹಲ್ಲಾಗಳಲ್ಲೇ ಹಗುರವಾಗಿ ಮಾತನಾಡುತ್ತೇವೆ. ಸದ್ದಿನಿಂದ ಕಾರಣಕ್ಕೆ ನಡೆದುಹೋಗುವ ಆ ತರ್ಕವೂ ವಿದ್ಯೆಯೇ ಅಲ್ಲವೇ? ಅವರ ಕೈಕೆಳಗೆ ಪಾನಾ ಹಿಡಿದ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮೆಟ್ಟಿಲು ಹತ್ತುವಂತೆ ನೋಡಿಕೊಂಡರೆ ಆ ವಿದ್ಯೆಗೆ ಒಂದು ಸರ್ಟಿಫಿಕೇಟೂ, ನ್ಯಾಯವಾದ ಸಂಬಳವೂ ಸಿಕ್ಕೀತು. ಆ ಹೊಣೆ ನಮ್ಮ ಜಮಾತುಗಳದು, ಗಾಡಿ ಇಟ್ಟುಕೊಂಡ ನಮ್ಮಂಥವರದು ಕೂಡ.

ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಉಸ್ತಾದರು, "ಕೆಲಸ ನೀವ್ ಮಾಡೀರಿ, ನನಗ್ಯಾಕ ಕೂಲಿ?" ಎಂದು ನಕ್ಕರು. ಸರಿಯಾದ ಪ್ರಶ್ನೆ ಕೇಳಿದವರಿಗೆ ಕೂಲಿ ಕಟ್ಟುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಅಮೀನಗಡದ ಒಂದು ಡಬ್ಬಿ ಕರದಂಟು ಕೊಟ್ಟು ಬಂದೆ.